ಕಾಕಾರ ಬ್ಯಾಲೆನ್ಸ್ ಗುಂಡಿ

ಭೂಮಿಯ ನಟ್ಟನಡು ಎಲ್ಲಿದೆ ಗೊತ್ತೇ? ಪುಣೆಯ ಶಿವಾಜಿನಗರದಲ್ಲಿ, ನಮ್ಮ ಕಾಕಾರ ಪಡಸಾಲೆಯ ಸೋಫಾದ ಮೇಲೆ! ನನ್ನ ಮಾತಲ್ಲ, ಅವರದೇ ವಾದ.

ಚಾಕಣದ ಕಾರ್ಖಾನೆಯಲ್ಲಿ ಕಾರಿನ ಗಾಲಿಗಳ ಬ್ಯಾಲೆನ್ಸ್ ನೋಡುತ್ತಲೇ ನಿವೃತ್ತರಾದವರು ಮನೆಯಲ್ಲಿ ಸುಮ್ಮನೆ ಕೂರುತ್ತಾರೆಯೇ? ಸ್ಟೀರಿಯೋ ತಂದರು. ಹೆಂಡತಿ, ಅಂದರೆ ನಮ್ಮ ಕಾಕೂನ ಹೊಲಿಗೆ ಟೇಪಿನಿಂದ ಅಳೆದು, ಎರಡೂ ಸ್ಪೀಕರಿಗೆ ಸಮದೂರದಲ್ಲಿ ಸೋಫಾ ಇಟ್ಟರು. ಬ್ಯಾಲೆನ್ಸ್ ಗುಂಡಿ ಯಾವ ಕಡೆ ತಿರುಗುತ್ತದೋ ಆ ಕಡೆಯ ಸ್ಪೀಕರ್ ಜೋರಾಗುತ್ತದೆ. ಅದು ಸರಿನಡುವೆ ಇದ್ದು, ಕೇಳುವವರೂ ನಡುವೆ ಕೂತರೆ ಹಾಡುವವರು ಎದುರಿಗೇ ಬಂದು ಕೂತಂತೆ ಇರುತ್ತದಂತೆ. ಆದರೆ ಆ ಜಾಗದ ಭಾಗ್ಯ ಕಾಕಾ ಒಬ್ಬರದೇ! ಕಾಕೂ ದಿನಾ ಸಂಜೆ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮರಾಠಿ ಭಕ್ತಿಗೀತೆ ಅಭಂಗ ಕೇಳಿ ತಲೆದೂಗುತ್ತಿದ್ದರು.

ಒಮ್ಮೆ ನಾನು ಸೋಫಾದ ಮೂಲೆಯಲ್ಲಿ ಕೂತು, "ಕಾಕಾ, ಆ ಗುಂಡಿ ಸ್ವಲ್ಪ ತಿರುವ್ರಿ, ನನಗೂ ಸರಿ ಕೇಳ್ತದ" ಎಂದೆ.

"ಯಾಕ, ಹಾಡೋರನ್ನ ಒಯ್ದು ಗ್ವಾಡಿಗೆ ಒತ್ತಲೇನು? ಗುಂಡಿ ಮುಟ್ಟಿದ್ರ ಚಹಾ ಬಂದ್!"

ಗಣೇಶ ಚೌತಿಗೆ ಮಾತ್ರ ಸೋಫಾ ಸರಿಯಿತು. ಆ ಜಾಗದಲ್ಲಿ ಗಣಪತಿ ಕೂತ! ನಾವೆಲ್ಲ ಬೆರಗಾದೆವು.

"ಮನ್ಯಾಗ ಎಲ್ಲಾರಕಿಂತ ದೊಡ್ಡ ಕಿವಿ ಅವಂದು. ಅವಗ ಬಿಡದ ಮತ್ಯಾರಿಗೆ ಬಿಡ್ಲಿ?" ಎಂದರು ಕಾಕಾ.

ಹಬ್ಬ ಮುಗಿದ ಮೇಲೆ ಕಾಕೂಗೆ ಭಾರೀ ಜ್ವರ ಬಂದು ಹೋಯಿತು. ಮೊನ್ನೆ ನೋಡಲು ಹೋದೆ. ಅಭಂಗ ನಡೆದಿತ್ತು. ಗುಂಡಿ ನೋಡಿದರೆ ಬಹಳಷ್ಟು ಎಡಕ್ಕೆ ತಿರುಗಿದೆ! ಎಂಥ ಅಪಚಾರ! ಸರಿಮಾಡಲು ಕೈ ಚಾಚಿದೆ.

"ಮುಟ್ಟಬ್ಯಾಡ!" ಎಂದರು ಕಾಕಾ. ಧ್ವನಿ ಬಂದದ್ದು ಪ್ಲಾಸ್ಟಿಕ್ ಕುರ್ಚಿಯಿಂದ. ಸೋಫಾದ ನಡುವೆ ಕಾಕೂ ಕಣ್ಣು ಮುಚ್ಚಿ ಕೂತಿದ್ದರು.

ಕಾಕಾ ನನ್ನ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದರು: "ಜ್ವರದಾಗ ಆಕಿ ಎಡಗಿವಿ ಮಂದ ಆತು. ಹಾಡೆಲ್ಲ ಒಂದೇ ಕಡೆ ಕೇಳ್ತದ, ನನಗ ಬ್ಯಾಡ ಅಂತ ಅಡಿಗಿಮನಿ ಸೇರಿಬಿಟ್ಟಿದ್ಲು. ಕೈ ಹಿಡಿದು ತಂದು ಸೋಫಾದ ನಡುವ ಕೂಡಿಸಿದೆ. ಹಾಡೋರು ಈಗ ಇಲ್ಲೇ ಅದಾರ ಅಂತ ಆಕಿ ನೆಟ್ಟಗ ಎದುರಿಗೆ ಬೆರಳು ತೋರಿಸೋತನಕಾ ಗುಂಡಿ ತಿರುವಿದೆ."

"ನಿಮಗ ಹೆಂಗ ಕೇಳ್ತದರಿ?"

"ಹಾಡೋರು ಗ್ವಾಡಿಗೆ ಹತ್ಯಾರ" ಎಂದು ನಕ್ಕರು. ನಾನು ಗುಂಡಿಯ ಹತ್ತಿರದಿಂದ ಕೈ ಹಿಂದಕ್ಕೆ ತೆಗೆದೆ.

ಅಷ್ಟರಲ್ಲಿ ಕಾಕೂ ಕಣ್ಣು ತೆರೆದು ಕೇಳಿದರು: "ಏನ್ರಿ, ನಿಮಗೂ ನಡುವನ ಕೇಳ್ತದಲ್ರಿ?"

"ಹೌದು" ಎಂದರು ಕಾಕಾ, "ಸರಿ ನಟ್ಟನಡುವ."