ನಿಂತ ಪಂದ್ಯಾವಳಿಯಲ್ಲಿ ನಾನು ಗೆಲ್ಲಿಸಿದವರು

ನನಗೆ ಕ್ರಿಕೆಟ್ ಬಿಟ್ಟರೆ ಬೇರಾವ ಆಟವೂ ತಿಳಿಯದು. ಅದೇನೂ ದೊಡ್ಡ ಕೊರತೆಯಲ್ಲ. ‘ನನಗೆ ತಿಳಿಯದು’ ಎನ್ನುವ ಮಾತು ಬಾಯಿಗೆ ಬರುವುದಿಲ್ಲವಲ್ಲ, ತೊಂದರೆಯೆಲ್ಲ ಅದರಿಂದ. ಅಮೀರ್‌ಪೇಟ್‌ನಲ್ಲಿ ಯಾರಾದರೂ ದಾರಿ ಕೇಳಿದರೆ ನಾನೇ ಕಾಣದ ಗಲ್ಲಿಯ ಕಡೆಗೆ ಧೈರ್ಯವಾಗಿ ಕೈ ತೋರಿಸಿ, ಅವರು ಹಿಂದಿರುಗಿ ಬರುವಷ್ಟರಲ್ಲಿ ಮೆಟ್ರೋ ಹತ್ತಿಬಿಡುತ್ತೇನೆ. ಆದರೆ ಮನೆಯಲ್ಲೇ ಇರುವ ಮಾವನವರಿಂದ ಹಾಗೆ ತಪ್ಪಿಸಿಕೊಳ್ಳಲು ಆಗುತ್ತದೆಯೇ?

ಮಾವನವರು ರಾಯಚೂರಿನವರು. ಪ್ರಾಯದಲ್ಲಿ ಜಾಂಬಿಯಾ ದೇಶದ ತಾಮ್ರದ ಗಣಿಯ ಊರೊಂದರಲ್ಲಿ ಗಣಿತದ ಮೇಷ್ಟರಾಗಿದ್ದರು. ಅತ್ತೆ ತೀರಿಕೊಂಡ ಮೇಲೆ ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿಗೆ ಬಂದರು. ಜೊತೆಗೆ ಬಣ್ಣ ಹೋದ ಒಂದು ಟೋಪಿಯೂ ಬಂತು. ಗಣಿ ಕಂಪನಿ ಆ ಊರಿನಲ್ಲಿ ವರ್ಷಕ್ಕೊಮ್ಮೆ ನಡೆಸುತ್ತಿದ್ದ ಗಾಲ್ಫ್ ಪಂದ್ಯಾವಳಿಯ ಟೋಪಿ ಅದು. ತಮ್ಮ ದೇಶದ ಚಳಿ ತಪ್ಪಿಸಿಕೊಳ್ಳಲು ದೊಡ್ಡ ದೊಡ್ಡ ಆಟಗಾರರು ಅಲ್ಲಿಗೆ ಬರುತ್ತಿದ್ದರಂತೆ. ಚೆಂಡು ಬೀಳಿಸುವ ಕುಳಿಯ ಸುತ್ತ ಹುಲ್ಲಿನ ಬದಲು ಎಣ್ಣೆ ಬೆರೆಸಿದ ಮರಳು. ಪ್ರತಿ ಸಲ ಆಡಿ ಹೋದ ಮೇಲೂ ಹಲಗೆ ಎಳೆದು ಅದನ್ನು ಸಮ ಮಾಡಬೇಕಂತೆ. ಅಂಕದ ಬೋರ್ಡು ಬರೆಯುವುದು ಮಾವನವರ ಕೆಲಸ. ದಿನಾ ಸಂಜೆ ಚಹಾದ ಜೊತೆ ಈ ಕಥೆ ಶುರುವಾಗುತ್ತದೆ. ನಾನು ಮೊಬೈಲು ನೋಡುತ್ತ ‘ಹೌದಾ ಮಾವ’ ಎನ್ನುತ್ತೇನೆ. ಬೋರ್ಡಿನಿಂದಾಚೆಗೆ ಕಥೆ ಎಲ್ಲಿಗೆ ಹೋಗುತ್ತದೆಂದು ನಾನು ಎಂದೂ ಕೇಳಿಸಿಕೊಂಡವನಲ್ಲ.

ಎರಡು ವರ್ಷದ ಹಿಂದೆ ಒಂದು ಸಂಜೆ, “ಅಳಿಯಂದ್ರ, ನಿಮ್ಮ ಫೋನಿನ್ಯಾಗ ನೋಡ್ರಿ, ಈ ವರ್ಷ ಯಾರು ಗೆದ್ದಾರಂತ” ಎಂದರು. ನೋಡಿದೆ. ತಾಮ್ರದ ಬೆಲೆ ಬಿದ್ದು, ಕಂಪನಿ ಕೈಬಿಟ್ಟು, ಆಟಗಾರರು ಒಬ್ಬೊಬ್ಬರಾಗಿ ಬರುವುದು ನಿಂತು, ಕೊನೆಗೆ ಪಂದ್ಯಾವಳಿಯೇ ಎಂದೋ ಮುಗಿದುಹೋಗಿತ್ತು. ಮೊಣಕಾಲಿನ ಆಪರೇಷನ್ ಆಗಿ, ಅದೇ ಟೋಪಿ ಹಾಕಿಕೊಂಡು ಬಾಲ್ಕನಿಯಲ್ಲಿ ಕುಳಿತ ಮನುಷ್ಯನಿಗೆ ಇದನ್ನು ಹೇಗೆ ಹೇಳಲಿ? ಫೋನು ಕೆಳಗಿಟ್ಟು, ಸುಳ್ಳು ಹೇಳುವವರೆಲ್ಲ ಮಾಡುವಂತೆ ನೇರ ಅವರ ಮುಖ ನೋಡಿ, “ದಕ್ಷಿಣ ಆಫ್ರಿಕಾದ ಹುಡುಗ ಮಾವ. ಮುನ್ನೂರ ಹನ್ನೆರಡು ಹೊಡೆದ. ಎರಡನೆಯವನದು ಬರೀ ಇನ್ನೂರ ಎಂಬತ್ತು” ಎಂದೆ.

ಮಾವನವರು ಒಂದು ಕ್ಷಣ ನನ್ನನ್ನೇ ನೋಡಿ, “ಭಾಳ ಛಲೋ ಹೊಡದಾನ್ರಿ” ಎಂದರು.

“ನಾಳೆ ಸಿಕ್ಕಿಬಿದ್ದರ ನಾ ನಡುವ ಬರಂಗಿಲ್ಲ ನೋಡ್ರಿ” ಎಂದು ಒಳಗೆ ಹೆಂಡತಿ ಎಚ್ಚರಿಸಿದಳು. ನಾನು ಕೇಳಬೇಕಲ್ಲ! ಮರುವರ್ಷ ಕೀನ್ಯಾದವನೊಬ್ಬನಿಗೆ ಮುನ್ನೂರ ಇಪ್ಪತ್ತು ಕೊಟ್ಟೆ. ಕೊಡುವಾಗ ಜಿಪುಣತನವೇಕೆ? ಈ ವರ್ಷ ಮುನ್ನೂರ ನಲವತ್ತಕ್ಕೆ ಏರಿಸಿದಾಗ ಮಾವನವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ಅಳಿಯಂದ್ರ, ಈ ಆಟದಾಗ ಕಡಿಮಿ ಹೊಡದಾಂವ ಗೆಲ್ತಾನ್ರಿ. ಗಣಿತದ ಮಾಸ್ತರ ಅಂತ ನನ್ನ ಕೈಯಾಗ ಬೋರ್ಡ್ ಕೊಟ್ಟರ, ಮೊದಲನೇ ದಿವಸ ನಾನೂ ನಿಮ್ಹಂಗ ಹೆಚ್ಚು ಹೊಡದಾಂವನ ಹೆಸರು ಮ್ಯಾಲ ಬರದಿದ್ದೆ. ಊರಿಗೂರೇ ನಕ್ಕಿತ್ತು. ಎಷ್ಟು ಸಲ ಹೇಳೀನ್ರಿ ನಿಮಗ ಇದನ್ನ!”

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. “ಹಾಗಾದರೆ ಪಂದ್ಯಾವಳಿ ನಿಂತದ್ದೂ ಗೊತ್ತಾ ಮಾವ?”

“ಕಡೀ ವರ್ಷದ ಬೋರ್ಡ್ ಒರೆಸಿದಾಂವನ ನಾನು.”

“ಮತ್ತೆ ನನ್ನನ್ನು ಯಾಕೆ ಕೇಳಿದಿರಿ?”

“ಅದನ್ನ ಕೇಳಿದಾಗಷ್ಟ ನೀವು ಫೋನ್ ಕೆಳಗಿಟ್ಟು ನನ್ನ ಮಾರಿ ನೋಡಿ ಮಾತಾಡ್ತೀರಿ” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಂದು ಫೋನನ್ನು ಒಳಗಿಟ್ಟು ಬಂದು ಇಡೀ ಕಥೆ ಕೇಳಿದೆ. ಬಹಳ ಒಳ್ಳೆಯ ಕಥೆ. ಮೊನ್ನೆ ಆಫೀಸಿನಲ್ಲಿ ಪಕ್ಕದ ಸೀಟಿನವನಿಗೆ ಅದನ್ನು ಹೇಳತೊಡಗಿದೆ; ಇನ್ನೂ ಬೋರ್ಡಿನ ತನಕ ಬಂದಿರಲಿಲ್ಲ, ಅವನು ಮೊಬೈಲಿನಿಂದ ಕಣ್ಣೆತ್ತದೆ ತನ್ನ ತೆಲುಗಿನಲ್ಲಿ ‘ಅವುನಾ ಸಾರ್’ ಎಂದ.