ಅತ್ತೆ, ಸೊಸೆ, ದಮ್ಮಿನ ಪಂಪು

ದಮ್ಮಿನ ರೋಗದಲ್ಲಿ ನಗುವಂಥದ್ದು ಏನಿದೆ ಎಂದು ನನ್ನನ್ನು ಕೇಳಿದವರು ಬಹಳ ಮಂದಿ. ಏನೂ ಇಲ್ಲ. ಆದರೂ ಬೀದರ್, ಭಾಲ್ಕಿ, ಔರಾದ ಕಡೆ ಹಳ್ಳಿ ಹಳ್ಳಿ ತಿರುಗಿ ಈ ರೋಗದ ಬಗ್ಗೆ ತಿಳಿವಳಿಕೆ ಹೇಳುವ ನೌಕರಿ ಮಾಡಿದಷ್ಟು ಕಾಲ ನಗೆಪಾಟಲು ನನ್ನ ಬೆನ್ನು ಬಿಡಲಿಲ್ಲ. ಜನ ನನ್ನ ಹೆಸರನ್ನು ಎಂದೋ ಮರೆತು ‘ದಮ್ಮಿನ ಅಕ್ಕೋರು’ ಎಂದು ಕರೆಯುತ್ತಿದ್ದರು. ಜನವಾಡದ ಸ್ಟಾಪಿನಲ್ಲಿ ಕಂಡಕ್ಟರ್ "ದಮ್ಮಿನ ಅಕ್ಕೋರು ಇಳೀತಾರ, ದಾರಿ ಬಿಡ್ರಿ" ಎಂದು ಕೂಗಿದರೆ ಸಾಕು, ಇಡೀ ಬಸ್ಸು ಸೆರಗನ್ನೋ ಟವೆಲ್ಲನ್ನೋ ಮೂಗಿಗೆ ಒತ್ತಿಕೊಳ್ಳುತ್ತಿತ್ತು. ಇದು ಅಂಟುವ ರೋಗವಲ್ಲ ಎಂದು ನಾನು ಕೆಳಗಿಳಿದು ಕಿಟಕಿಯತ್ತ ಮುಖ ಮಾಡಿ ಹೇಳುವಷ್ಟರಲ್ಲಿ ಬಸ್ಸು ಹೊರಟಿರುತ್ತಿತ್ತು.

ಹೇಳಹೊರಟರೆ ಇಂಥವು ಬೇಕಾದಷ್ಟಿವೆ. ಆದರೆ ಮರೆಯಲಾಗದವು ಔರಾದ ತಾಲ್ಲೂಕಿನ ಒಂದೇ ಮನೆಯವು. ಆ ಮನೆಯಲ್ಲಿ ಒಬ್ಬ ಅತ್ತೆ, ಒಬ್ಬ ಸೊಸೆ. ಮಳೆ ಕೈಕೊಟ್ಟ ವರ್ಷಗಳು ಅವು. ದೀಪಾವಳಿ ಮುಗಿದದ್ದೇ ಅರ್ಧ ಊರು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುತ್ತಿತ್ತು, ಇವರೂ ಹೋಗುತ್ತಿದ್ದರು. ಸೊಸೆಗೆ ದಮ್ಮು. ಅವಳು ಔಷಧಿಯ ಪಂಪು, ಎಂದರೆ ಇನ್‌ಹೇಲರ್, ಹೊಡೆದುಕೊಳ್ಳುವುದನ್ನು ಕಲಿತು, ಅದನ್ನು ಕಬ್ಬಿನ ಹೊಲಕ್ಕೂ ಒಯ್ದು, ಜೀವಂತ ತಿರುಗಿ ಬರಬೇಕು. ನನಗೆ ಬೇಕಿದ್ದದ್ದು ಇಷ್ಟೇ.

೧. ಹಾರ್ನು

ಮೊದಲ ಸಲ ಆ ಊರಿಗೆ ಹೋದಾಗ ನಮ್ಮ ಜೀಪಿನ ಡ್ರೈವರ್ ಊರ ಅಗಸಿಬಾಗಿಲ ಹತ್ತಿರ ಹಾರ್ನ್ ಹೊಡೆದ. ಆ ದಿನಗಳಲ್ಲಿ ಆ ಊರಿಗೆ ಹಾರ್ನ್ ಎಂದರೆ ನೀರಿನ ಟ್ಯಾಂಕರು. ನೋಡನೋಡುತ್ತಿದ್ದಂತೆ ಇಡೀ ಊರು ಕೊಡ, ಬಕೀಟು, ಎಣ್ಣೆ ಡಬ್ಬಿ ಹಿಡಿದು ಓಡಿ ಬಂತು. ಇಳಿದವರು ನಾನು, ಮತ್ತು ಆಗಷ್ಟೇ ಕೆಲಸಕ್ಕೆ ಸೇರಿದ್ದ ಒಬ್ಬ ಎಳೆಯ ಡಾಕ್ಟರು. ಅಷ್ಟು ಜನ ಸೇರಿದ್ದನ್ನು ಕಂಡು ಡಾಕ್ಟರಿಗೆ ಎಲ್ಲಿಲ್ಲದ ಹುರುಪು ಬಂತು. ಉಸಿರಿನ ಬಲ ತೋರಿಸುವ ಕೊಳವೆಯನ್ನು ಹೊರತೆಗೆದು ಒಬ್ಬೊಬ್ಬರಿಂದ ಊದಿಸತೊಡಗಿದರು. ಅಷ್ಟು ದೂರ ಓಡಿ ಬಂದವರು ಏನು ಊದಿಯಾರು? ಯಾರು ಊದಿದರೂ ಮುಳ್ಳು ಕೆಳಗೇ ನಿಲ್ಲುತ್ತಿತ್ತು.

ಡಾಕ್ಟರು ಬಿಳಿಚಿಕೊಂಡು ನನ್ನ ಕಿವಿಯಲ್ಲಿ, "ಮೇಡಂ, ಇಡೀ ಊರಿಗೆ ಅಸ್ತಮಾ ಇದೆ" ಎಂದರು.

"ಇಡೀ ಊರಿಗೆ ನೀರಿಲ್ಲ ಡಾಕ್ಟರೇ. ಮೊದಲು ಕೂಡಿಸಿ, ಆಮೇಲೆ ಊದಿಸಿ" ಎಂದು ಸಿಡುಕಿದೆ.

ಮುಂದೆ ನಿಂತಿದ್ದ ಗಟ್ಟಿ ಹೆಂಗಸೊಬ್ಬಳು ಖಾಲಿ ಕೊಡವನ್ನು ನೆಲಕ್ಕೆ ಕುಕ್ಕಿ, "ನೀರು ತಂದಿಲ್ಲಂದ್ರ ನಮ್ ಉಸಿರು ಯಾಕ ಅಳೀಲಿಕ್ಕತ್ತೀರಿ?" ಎಂದು ಕೇಳಿದಳು.

ಎಲ್ಲರನ್ನೂ ಬೇವಿನ ಮರದ ನೆರಳಿಗೆ ಕೂಡಿಸಿದೆವು. ಸ್ವಲ್ಪ ಹೊತ್ತಿಗೆ ಎಲ್ಲರ ಏದುಸಿರೂ ಇಳಿಯಿತು, ಒಬ್ಬಳದು ಬಿಟ್ಟು. ಹಿಂದೆ ಕೂತಿದ್ದ ಸಣಕಲು ಹೆಣ್ಣುಮಗಳು. ಅವಳ ಎದೆಯ ಸಿಳ್ಳು ಡಾಕ್ಟರ ಯಂತ್ರ ಇಲ್ಲದೆಯೂ ಕೇಳುತ್ತಿತ್ತು. ಯಾರ ಮನೆಯವಳು ಎಂದೆ.

ಅದೇ ಗಟ್ಟಿ ಹೆಂಗಸು ಹೇಳಿದಳು, "ನಮ್ ಸೊಸಿರಿ. ಬಂದಾಗಿಂದ ಹಂಗೇ ಸಿಟಿ ಹೊಡೀತಾಳ. ನಮ್ ಮನ್ಯಾಗ ಕುಕ್ಕರ್ ಇಲ್ರಿ, ಆ ಕೊರತಿ ಈಕಿ ತುಂಬ್ಯಾಳ."

ಊರೆಲ್ಲ ನಕ್ಕಿತು. ಸೊಸೆಯೂ ನಗಲು ನೋಡಿದಳು, ಉಸಿರು ಸಾಲಲಿಲ್ಲ. ನನಗೆ ಆ ಅತ್ತೆಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

೨. ಬೀದರಿನ ಡಬ್ಬಿ

ಬೈದು, ಬೇಡಿ, ಇಬ್ಬರನ್ನೂ ಬೀದರಿಗೆ ಕರೆಸಿದೆ. ದೊಡ್ಡ ಡಾಕ್ಟರು ಪರೀಕ್ಷೆ ಮಾಡಿ ಪಂಪು ಕೊಟ್ಟರು. ಮುಂಜಾನೆ ಸಂಜೆ ಹೊಡೆದುಕೊಳ್ಳಬೇಕು, ಆರಾಮಿದ್ದಾಗಲೂ ಬಿಡಬಾರದು, ದಮ್ಮು ಹತ್ತಿದರೆ ಆಗಲೂ ಇದನ್ನೇ ಹೊಡೆದುಕೊಳ್ಳಬೇಕು ಎಂದರು.

"ಮತ್ತ ಸೂಜಿ?" ಅತ್ತೆ ಕೇಳಿದಳು.

"ಸೂಜಿ ಬೇಡ."

"ಸಲಾಯಿನ್ ಆದ್ರೂ ಹಚ್ರಿ."

"ಅದೂ ಬೇಡಮ್ಮ."

"ಔರಾದದಿಂದ ಬಸ್ಸಿನ್ಯಾಗ ನಿಂತು ಬಂದೀವ್ರಿ. ಬರೇ ಗಾಳಿ ಕುಡದು ಹೋಗಬೇಕೇನು? ಗಾಳಿ ನಮ್ಮೂರಾಗ ಪುಕಟ ಸಿಗ್ತದ."

ಅವಳ ನಿಜವಾದ ಹೆದರಿಕೆ ಬೇರೆ ಇತ್ತು. ಪಂಪು ಹಿಡಿದವರ ಕಥೆ ಮುಗಿಯಿತು ಎಂದು ಊರಲ್ಲಿ ಯಾರೋ ಹೇಳಿದ್ದರು. ಇಂಥ ಮಾತಿಗೆ ಡಾಕ್ಟರ ಉತ್ತರ ನಾಟುವುದಿಲ್ಲ ಎಂದು ನಾನು ಒಬ್ಬ ಮುದುಕರನ್ನು ಕರೆಸಿ ಕೂಡಿಸುತ್ತಿದ್ದೆ. ಬಿದರಿ ಕೆಲಸದ ಉಸ್ತಾದರು, ಲೋಹದ ಧೂಳು ಕುಡಿದು ಎದೆ ಕೆಡಿಸಿಕೊಂಡವರು, ಬಹಳ ಕಾಲದಿಂದ ಪಂಪು ಹೊಡೆದುಕೊಂಡು ಆರಾಮಾಗಿದ್ದವರು. ಅವರು ತಮ್ಮ ಫಜೀತಿಯನ್ನು ತಾವೇ ಹೇಳಿಕೊಂಡರು.

"ಮೊದಲ ಮೊದಲ ನನಗೂ ಶರಮು. ಬೀವಿಗೆ ಗೊತ್ತಾಗಬಾರದಂತ ಪಂಪಿಗೆ ಒಂದು ಡಬ್ಬಿ ಮಾಡ್ದೆ. ಬೆಳ್ಳಿ ಬಳ್ಳಿ ಕೂಡಿಸಿ, ಅಸಲ್ ಕಾಮ್. ಮುಚ್ಚಳ ಅಷ್ಟು ಬಿಗಿ ಕುಂತಿತ್ತು, ದಮ್ಮು ಹತ್ತಿದಾಗ ನನ್ನ ಕೈಲೇ ತೆಗೀಲಿಕ್ಕೆ ಬರ್ಲಿಲ್ಲ. ಛುಪಾನೆ ಕೋ ಬನಾಯಾ ಥಾ ಬೇಟಾ, ಬಚಾನೆ ಕೋ ನೈ. ಮುಚ್ಚಿಡ್ಲಿಕ್ಕೆ ಮಾಡಿದ್ದು, ಜೀವ ಉಳಿಸ್ಲಿಕ್ಕಲ್ಲ. ಕೊನೀಗೆ ಅದನ್ನ ಸುತ್ತಿಗೀಲೆ ಒಡದು ತೆಗೆದಾಕಿ ಯಾರು? ಬೀವೀನೇ."

ಸೊಸೆ ಸೆರಗು ಬಾಯಿಗೆ ಹಿಡಿದು ನಕ್ಕಳು. ಅವಳು ಪೂರಾ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಹಳ ಚೆಂದದ ನಗು. ಅತ್ತೆ ಮಾತ್ರ ನಗಲಿಲ್ಲ, ಏನೋ ಯೋಚನೆಯಲ್ಲಿದ್ದಳು. ಮಾತು ನಾಟಿತು ಎಂದು ನಾನು ಒಳಗೊಳಗೇ ಹಿಗ್ಗಿದೆ. ಏಳುವಾಗ ಅವಳು ಉಸ್ತಾದರ ಹತ್ತಿರ ಬಗ್ಗಿ ಕೇಳಿದಳು, "ಆ ಒಡದ ಡಬ್ಬಿ ಅದಾ ಏನ್ರಿ? ಎಲಿ-ಅಡಿಕಿ ಇಟ್ಕೊಳ್ಳಿಕ್ಕೆ ಆಗ್ತದ."

೩. ಉಳಿತಾಯ

ತಿಂಗಳು ಕಳೆದು ಮತ್ತೆ ಆ ಮನೆಗೆ ಹೋದೆ. ಗೋಡೆಯ ಗೂಡಿನಲ್ಲಿ ಬುದ್ಧನ ಫೋಟೋದ ಪಕ್ಕ ಪಂಪು ಇತ್ತು, ಧೂಳು ಕೂರದಂತೆ ಮೇಲೊಂದು ಸ್ಟೀಲ್ ಲೋಟ ಬೋರಲು ಹಾಕಿದ್ದರು. ತೆಗೆದು ಅಲ್ಲಾಡಿಸಿದರೆ ತುಂಬಿದ್ದು ತುಂಬಿದ ಹಾಗೇ ಇದೆ. ಸೊಸೆಯ ಎದೆ ಎಂದಿನಂತೆ ಸಿಳ್ಳು ಹಾಕುತ್ತಿತ್ತು.

"ಯಾಕವ್ವಾ, ಹೊಡಕೊಂಡೇ ಇಲ್ಲಲ್ಲ?"

"ಉಳಿಸೀವ್ರಿ" ಎಂದಳು ಅತ್ತೆ, ಶಹಬ್ಬಾಸ್ ಅನ್ನಿಸಿಕೊಳ್ಳುವ ಮುಖ ಮಾಡಿ. "ಆರಾಮಿದ್ದಾಗ ಯಾಕ ಹಾಳ ಮಾಡಬೇಕು? ಕಠಿಣ ಟೈಮ್ ಬಂದಾಗ ಬೇಕಾಗ್ತದ."

ನನ್ನ ನಾಲಿಗೆ ಹರಿಯಿತು. ನಾನು ಬೈದದ್ದನ್ನೆಲ್ಲ ಇಲ್ಲಿ ಬರೆಯುವ ಹಾಗಿಲ್ಲ. ಅವಳು ಬೇಳೆ ತೊಳೆದ ನೀರಲ್ಲಿ ಪಾತ್ರೆ ತೊಳೆದು, ಆ ನೀರನ್ನೇ ಎಮ್ಮೆಗೆ ಇಡುತ್ತಿದ್ದವಳು. ನನ್ನ ಬೈಗುಳ ಮುಗಿಯುವವರೆಗೂ ಆ ಕೆಲಸ ನಿಲ್ಲಿಸಲಿಲ್ಲ. ಆಮೇಲೆ ಕೈ ಒರೆಸಿಕೊಂಡು, "ಮೊನ್ನಿ ಪಂಚಾಯ್ತಿಯವರು ಬಂದು ಎಲ್ಲಾ ಉಳಿಸ್ರಿ ಅಂದ್ರು. ಇವತ್ತ ನೀವು ಬಂದು ಖರ್ಚ ಮಾಡ್ರಿ ಅಂತೀರಿ. ನೀವು ನೀವು ಮೊದಲ ಒಂದು ಮಾತು ಮಾಡ್ಕೊಂಡು ಬರ್ರಿ" ಎಂದಳು.

ಆದರೂ ಬೈಗುಳ ಎಲ್ಲೋ ತಾಗಿತ್ತು, ಪಂಪು ಹೊಡೆದುಕೊಳ್ಳುವುದು ಶುರುವಾಗಿತ್ತು. ಮುಂದಿನ ಸಲ ಹೋದಾಗ ತೊಗರಿ ಕಟ್ಟಿಗೆಯ ಒಲೆಯನ್ನು ಒಳಗಿನಿಂದ ಅಂಗಳಕ್ಕೆ ತಂದಿದ್ದಳು. ಅದರ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದವಳು ಅತ್ತೆ. ಸೊಸೆ ಹೊಗೆ ತಾಗದಷ್ಟು ದೂರದಲ್ಲಿ ಕೂತು, ಸುಮ್ಮನೆ ಕೂರಲು ಸಂಕೋಚಪಡುತ್ತ, ಸೊಪ್ಪು ಸೋಸುತ್ತಿದ್ದಳು. ಅವಳ ಎದೆಯಲ್ಲಿ ಸಿಳ್ಳು ಇರಲಿಲ್ಲ. ನನ್ನ ಕಣ್ಣು ತುಂಬಿ ಬಂತು, ಅದನ್ನು ಅತ್ತೆ ನೋಡಿಬಿಟ್ಟಳು.

"ನಿಮಗೂ ಹೊಗಿ ಹತ್ತತದೇನ್ರಿ? ಆ ಕಡಿ ಹೋಗಿ ಆಕಿ ಬಾಜೂ ಕೂಡ್ರಿ. ಎಲ್ಲಾ ನಾಜೂಕು ಮಂದೀನೇ ನನಗ ಗಂಟು ಬಿದ್ದೀರಿ."

೪. ಭಾಲ್ಕಿ ಸ್ಟೇಷನ್

ಆ ವರ್ಷವೂ ಮಳೆ ಬರಲಿಲ್ಲ. ಹೋಗಬೇಡ ಎಂದು ಸೊಸೆಗೆ ಹೇಳುವಂತಿರಲಿಲ್ಲ. ಗಂಡ-ಹೆಂಡತಿ ಜೋಡಿಯಾಗಿ ಬಂದರೇನೇ ಕೂಲಿಯವರನ್ನು ಹಿಡಿಯುವ ಮುಕಾದಮ ಅವರನ್ನು ಕಬ್ಬಿನ ಗ್ಯಾಂಗಿಗೆ ಸೇರಿಸಿಕೊಳ್ಳುತ್ತಿದ್ದ. ಅಡುಗೆಗೆಂದು ಅತ್ತೆಯೂ ಹೊರಟಳು. ಜನ ಹಳ್ಳಿಯಲ್ಲಿ ಸಿಗದಿದ್ದರೂ ಪ್ಲಾಟ್‌ಫಾರ್ಮಿನಲ್ಲಿ ಸಿಗುತ್ತಾರೆ ಎಂದು ನಾನು ಭಾಲ್ಕಿ ಸ್ಟೇಷನ್ನಿನಲ್ಲೇ ಸಭೆ ಮಾಡುತ್ತಿದ್ದೆ. ಗಂಟು ಮೂಟೆ, ಕೋಳಿ, ಕಬ್ಬಿಣದ ಒಲೆ ಇವುಗಳ ನಡುವೆ ಹೆಂಗಸರನ್ನು ಕೂಡಿಸಿ ಕಲಿಸುವುದು. ಗಂಡಸರು ಹತ್ತಿರ ಸುಳಿಯುತ್ತಿರಲಿಲ್ಲ. ಈ ಸೊಸೆಯ ಗಂಡನೂ ಆ ತುದಿಯಲ್ಲಿ ಮೂಟೆ ಕಾಯುತ್ತ ನಿಂತಿದ್ದ. ಒಳ್ಳೆಯವನು, ಆದರೆ ಬಹಳ ನಾಚಿಕೆಯವನು.

ಸೊಸೆಗೆ ಒಂದು ತೊಡಕಿತ್ತು. ಪಂಪು ಒತ್ತುವುದೂ ಉಸಿರೆಳೆಯುವುದೂ ಎಷ್ಟೋ ಸಲ ಒಟ್ಟಿಗೆ ಕೂಡಿಬರುತ್ತಿರಲಿಲ್ಲ, ಔಷಧಿ ನಾಲಿಗೆಯ ಮೇಲೇ ಉಳಿಯುತ್ತಿತ್ತು. ಅದಕ್ಕೊಂದು ಬಡವರ ಉಪಾಯ ಉಂಟು. ನೀರಿನ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಪಂಪಿನ ಬಾಯಿಯ ಅಳತೆಗೆ ತೂತು ಕೊರೆದು, ಪಂಪನ್ನು ಅಲ್ಲಿ ಸಿಕ್ಕಿಸಿ ಒತ್ತಿದರೆ ಔಷಧಿ ಬಾಟಲಿಯೊಳಗೆ ನಿಲ್ಲುತ್ತದೆ. ಈ ಕಡೆಯ ಬಾಯಿಂದ ನಿಧಾನಕ್ಕೆ ಎಳೆದುಕೊಳ್ಳಬಹುದು. ನಾನು ಬಾಟಲಿ ಕೊರೆಯುತ್ತ ಕೂತಿದ್ದಾಗ ರೈಲ್ವೆ ಪೊಲೀಸನೊಬ್ಬ ಲಾಠಿ ಕುಣಿಸುತ್ತ ಬಂದ.

"ಬಾಟಲಿ ತಗೊಂಡು ಏನ್ ಮಾರ್ಲಿಕ್ಕತ್ತೀರಿ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದಳು, "ಗಾಳಿರಿ."

ಪೊಲೀಸ ಖಾಲಿ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದು, ಮೂಸಿ, ತಿರುಗಿಸಿ ನೋಡಿದ. ಏನೂ ಇಲ್ಲ. ಅಪರಾಧ ಯಾವುದೆಂದು ಅವನಿಗೂ ಹೊಳೆಯಲಿಲ್ಲ. ನಾನು ದಮ್ಮಿನ ವಿಷಯ ಬಿಡಿಸಿ ಹೇಳಿದ ಮೇಲೆ ಮೆತ್ತಗಾಗಿ, ಅತ್ತಿತ್ತ ನೋಡಿ, ದನಿ ಇಳಿಸಿ, "ನಮ್ ಅವ್ವಗೂ ದಮ್ಮು ಅದ್ರಿ. ಒಂದು ನನಗೂ ಮಾಡಿಕೊಡ್ರಿ, ಆದ್ರ ಇಲ್ಲಿ ಬ್ಯಾಡ, ಡ್ಯೂಟಿ ಮ್ಯಾಲ ಇದ್ದೀನಿ" ಎಂದ.

೫. ಅತ್ತೆ ಕೇಳಿದ್ದು

ಕಬ್ಬಿನ ಹಂಗಾಮು ಮುಗಿದು ಗ್ಯಾಂಗು ಊರಿಗೆ ಬಂತು. ಸೊಸೆ ಬರಲಿಲ್ಲ. ಸುದ್ದಿ ನನಗೆ ಔರಾದದ ಬಸ್‌ಸ್ಟ್ಯಾಂಡಿನಲ್ಲೇ ಗೊತ್ತಾಗಿತ್ತು. ಆ ಮನೆಯ ಅಂಗಳಕ್ಕೆ ಕಾಲಿಡಲು ನನಗೆ ಧೈರ್ಯ ಸಾಲದೆ ಬೇವಿನ ಮರದಡಿ ಬಹಳ ಹೊತ್ತು ನಿಂತಿದ್ದೆ. ಅತ್ತೆಯೇ ನೋಡಿ ಕರೆದಳು. ಚಹಾ ಮಾಡಿಕೊಟ್ಟಳು. ಮಗ ಮನೆಯಲ್ಲಿರಲಿಲ್ಲ.

"ನೀವು ಹೇಳಿದಂಗೇ ದಿನಾ ಹೊಡಕೋತಿದ್ಳು ಅಕ್ಕೋರ. ಗ್ಯಾಂಗಿನವರಿಗೆ ಕಾಣಬಾರದಂತ ಗುಡಿಸಲ ಹಿಂದ ಕುಂತು ಹೊಡಕೋತಿದ್ಳು. ಒಂದಿನ ನನ ಮಗ ಬಾಟಲಿ ನೋಡಿದ. ನೀರು ದೂರದಿಂದ ತರಬೇಕು, ಒಂದು ಬಾಟಲಿ ತೂತು ಬಿದ್ದು ಹಾಳಾಗ್ಯದಂತ ತಿಳಕೊಂಡ. ಕುಡಗೋಲು ಕಾಸಿ, ಪ್ಲಾಸ್ಟಿಕ್ ಕರಗಿಸಿ ತೂತು ಮುಚ್ಚಿ, ನೀರು ತುಂಬಿ, ಹೆಂಡತಿ ಕೈಯಾಗ ತಂದು ಕೊಟ್ಟ. ಎಷ್ಟು ಖುಷಿಲೆ ಕೊಟ್ಟ ಅಂತೀರಿ. ನಾ ಬೈಬೇಕಂದ್ರ ಸೊಸಿ ಬ್ಯಾಡಂತ ಕಣ್ಣು ಸನ್ನಿ ಮಾಡಿದ್ಳು. ಛಲೋ ಮಾಡೀರಿ ಅಂತ ಗಂಡಗ ಹೇಳಿ ಆ ನೀರು ಕುಡದ್ಳು."

ಬೇರೆ ಬಾಟಲಿ ಸಿಕ್ಕರೆ ಕೊರೆಯೋಣ ಎಂದು ಅತ್ತೆ-ಸೊಸೆ ಮಾತಾಡಿಕೊಂಡಿದ್ದರಂತೆ. ಅಷ್ಟರಲ್ಲಿ ಒಂದು ಮುಂಜಾನೆ ಪಕ್ಕದ ಹೊಲದವರು ಕಡಿದ ಕಬ್ಬಿನ ಒಣ ಗರಿಗೆ ಬೆಂಕಿ ಹಚ್ಚಿದರು. ಹೊಗೆ ಪೂರಾ ಇವರ ಕಡೆ ತಿರುಗಿತು. ಸೊಸೆ ಬದುವಿನ ಮೇಲೆ ಕುಸಿದು ಕೂತಳು. ಮಗ ಟ್ರ್ಯಾಕ್ಟರ್ ತರಲು ಓಡಿದ. ಅತ್ತೆ ಪಂಪು ತಂದು ಬಾಯಿಗಿಟ್ಟಳು, ಆದರೆ ಎಳೆದುಕೊಳ್ಳುವಷ್ಟು ಉಸಿರು ಸೊಸೆಯಲ್ಲಿ ಉಳಿದಿರಲಿಲ್ಲ. ಔಷಧಿ ತುಟಿಯ ಮೇಲೇ ಹಾರಿಹೋಯಿತು.

"ಆಗ ನಾ ಏನ್ ಮಾಡ್ದೆ ಗೊತ್ತದ ಏನ್ರಿ? ನನ್ನ ಎದಿ ಗಟ್ಟಿ ಅದ. ಪಂಪು ನನ ಬಾಯಾಗ ಹೊಡಕೊಂಡೆ. ಜೋರ್ ಎಳದು, ಆಕಿ ಬಾಯಿಗೆ ಬಾಯಿ ಹಚ್ಚಿ ಊದ್ದೆ. ಮತ್ತ ಹೊಡಕೊಂಡೆ, ಮತ್ತ ಊದ್ದೆ. ಹೊಲದ ಮಂದಿ ಎಲ್ಲಾ ನೋಡ್ಲಿಕ್ಕತ್ತಿತ್ತು. ಸೊಸಿ ಕಣ್ಣು ತೆರದು ನನ್ನ ನೋಡಿ ನಕ್ಕಳ್ರಿ. ಖರೇನೇ ನಕ್ಕಳು. ಟ್ರ್ಯಾಕ್ಟರ್ ಬರೋದ್ರೊಳಗ ಆಗಿಹೋಯ್ತು."

ಹೇಳುತ್ತ ಅವಳೂ ನಕ್ಕಳು, ತನ್ನ ಹುಚ್ಚಾಟಕ್ಕೆ ತಾನೇ ನಕ್ಕಳು. ನನಗೂ ನಗು ಬಂತು, ಅದರ ಬೆನ್ನಿಗೇ ತಡೆಯಲಾರದ ಅಳು ಬಂತು. ಇಬ್ಬರೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತೆವು. ಚಹಾ ಆರಿಹೋಯಿತು.

ಆಮೇಲೆ ಅವಳು ನನ್ನ ಕೈ ಹಿಡಿದು ಕೇಳಿದಳು, "ಅಕ್ಕೋರ, ನೀವು ಓದಿದವರು. ನಾ ಊದಿದ ಔಷಧ ಆಕಿಗೆ ಒಂದು ಚೂರರೆ ಮುಟ್ಟಿರ್ತದೋ ಇಲ್ರೋ?"

ಮುಟ್ಟುವುದಿಲ್ಲ. ಅಷ್ಟು ವರ್ಷ ಇಂಥ ತಪ್ಪು ತಿಳಿವಳಿಕೆಗಳನ್ನು ತಿದ್ದಿ ತಿದ್ದಿಯೇ ನಾನು ಸಂಬಳ ತಿಂದವಳು. "ಮುಟ್ಟಿರ್ತದವ್ವಾ" ಎಂದೆ. "ಪೂರಾ ಮುಟ್ಟಿರ್ತದ."

ಅವಳು ತಲೆ ಆಡಿಸಿದಳು. ಮುಖದ ಬಿಗಿ ಸಡಿಲಾಯಿತು. ಮರುಗಳಿಗೆ ತಟ್ಟನೆ ನನ್ನ ಕೈ ಬಿಟ್ಟು, ಹುಬ್ಬು ಗಂಟಿಕ್ಕಿ ನನ್ನನ್ನೇ ತರಾಟೆಗೆ ತೆಗೆದುಕೊಂಡಳು.

"ಮುಟ್ಟತದಂದ್ರ ಇದನ್ನ ಮೊದಲೇ ಯಾಕ ಕಲಿಸ್ಲಿಲ್ರಿ? ಎಲ್ಲಾಕ್ಕಿಂತ ಮೊದಲ ನಾ ಇದನ್ನೇ ಕಲೀತಿದ್ದೆ."