ಸೌತೆಯ ಮುಖ ತೊಳೆದದ್ದು

ಕ್ಯಾಮೆರಾ ಕೊಂಡ ಮನುಷ್ಯನಿಗೆ ಮೊದಲು ತಿಳಿಯುವ ಸತ್ಯವೆಂದರೆ, ಅವನ ಕಲೆಯ ಮೇಲೆ ಮನೆಯವರಿಗೆ ಚೂರೂ ನಂಬಿಕೆ ಇಲ್ಲವೆಂಬುದು. ಹೆಂಡತಿ ಸುಮತಿಯನ್ನು ಕಿಟಕಿಯ ಬಳಿ ನಿಲ್ಲಿಸಿ ನಾನು ಬೆಳಕು ಹೊಂದಿಸಿಕೊಳ್ಳುವಷ್ಟರಲ್ಲಿ ಕುಕ್ಕರ್ ಕೂಗುತ್ತದೆ, ಅವಳು ಹೋಗಿಬಿಡುತ್ತಾಳೆ. ಮಗಳು ದೀಕ್ಷಾ ತನ್ನ ಫೋಟೋ ನೋಡಿ, "ಪಪ್ಪಾ, ಪ್ಲೀಸ್ ಡಿಲೀಟ್ ಇಟ್" ಎನ್ನುತ್ತಾಳೆ. ಹೀಗೆ ಮನುಷ್ಯರಿಂದ ತಿರಸ್ಕೃತನಾಗಿ ನಾನು ತರಕಾರಿಯ ಕಡೆ ತಿರುಗಿದೆ. ಅಲ್ಲಿಯೂ ಬಸಳೆ ಬೇಗ ಬಾಡಿತು, ಟೊಮೇಟೊ ಉರುಳಿ ಸೋಫಾದ ಕೆಳಗೆ ಹೋಯಿತು. ಕೂರಿಸಿದಲ್ಲಿ ಕೂತದ್ದು ಸೌತೆಕಾಯಿ ಒಂದೇ. ಅದಕ್ಕೆ ಕಣ್ಣು ಮುಚ್ಚುವ ಚಾಳಿಯಿಲ್ಲ, ನನ್ನ ಎಡಗಡೆ ತೆಗಿ ಎಂಬ ಹಟವಿಲ್ಲ.

ಸೌತೆ ಎಂದರೆ ಇಲ್ಲಿ ಮಸ್ಕತಿನ ಅಂಗಡಿಗಳಲ್ಲಿ ಸಲಾಡಿಗೆ ಸಿಗುವ ತೆಳ್ಳನೆಯ ಹಸಿರು ಕಾಯಲ್ಲ. ನಮ್ಮ ಕರಾವಳಿಯ ದಪ್ಪ ಚರ್ಮದ ಸಾಂಬಾರು ಸೌತೆ. ಅಲ್ ಮವಾಲೇಹ್ ಮಾರುಕಟ್ಟೆಗೆ ಅದು ಬಂದ ಸುದ್ದಿ ಸಿಕ್ಕಿದರೆ ಸುಮತಿ ಒಂದು ಚೀಲ ತರಿಸುತ್ತಾಳೆ. ಊರಿನಲ್ಲಿ ಇವನ್ನು ಬಾಳೆನಾರಿನಲ್ಲಿ ಕಟ್ಟಿ ಹೆಂಚಿನ ಮಾಡಿನ ಜಂತಿಗೆ ತೂಗು ಹಾಕುತ್ತಾರೆ; ತಿಂಗಳುಗಟ್ಟಲೆ ಕೆಡುವುದಿಲ್ಲ. ವಾದಿ ಕಬೀರಿನ ನಮ್ಮ ಬಾಡಿಗೆ ಫ್ಲ್ಯಾಟಿನಲ್ಲಿ ಮಾಡೂ ಇಲ್ಲ, ಬಾಳೆನಾರೂ ಇಲ್ಲ. ಹಾಗಾಗಿ ಸ್ಟೋರ್ ರೂಮಿನ ಪರದೆಯ ಸರಳಿಗೆ ಪಾರ್ಸೆಲ್ ಕಟ್ಟುವ ಹಗ್ಗದಲ್ಲಿ ನೇತಾಡುತ್ತವೆ. ಒಮ್ಮೆ ಏಸಿ ರಿಪೇರಿಗೆ ಬಂದ ಪಾಕಿಸ್ತಾನಿ ಮೇಸ್ತ್ರಿ ಅವನ್ನು ತಲೆಯೆತ್ತಿ ನೋಡಿ, "ಭಾಯಿ, ಇದು ನಿಮ್ಮ ಪೂಜೆಯಾ?" ಎಂದು ಹಿಂದಿಯಲ್ಲಿ ಮೆಲ್ಲಗೆ ಕೇಳಿದ್ದ. ಅಲ್ಲವೆನ್ನಲು ನನಗೂ ಪೂರ್ತಿ ಧೈರ್ಯ ಬರಲಿಲ್ಲ.

ಯಾಕೆಂದರೆ ಆ ಸಾಲಿನಲ್ಲಿ ಒಂದು ಕಾಯಿ ನಿಜಕ್ಕೂ ದೇವರ ಹಾಗೆಯೇ ಇತ್ತು. ಸುಮತಿಯ ತಾಯಿಯ ಕಾಲದಿಂದ ಕೈದಾಟಿ ಬಂದ ಬೀಜವನ್ನು ಅವಳು ತಾರಸಿಯ ಕುಂಡದಲ್ಲಿ ಹಾಕಿ, ಒಮಾನಿನ ಬಿಸಿಲು ಏರುವ ಮೊದಲೇ ಬೆಳೆಸಿ ಪಡೆದ ಕಾಯಿ ಅದು. ಬೀಜದ ಕಾಯಿಗೆ ಸುಣ್ಣದ ಬೊಟ್ಟು ಇಡುವುದು ಅವರ ಮನೆಯ ಕ್ರಮ. ಬೊಟ್ಟು ಕಂಡರೆ ಯಾರೂ ಅದಕ್ಕೆ ಕತ್ತಿ ತಾಗಿಸುವುದಿಲ್ಲ. ಬೊಟ್ಟಿಲ್ಲದ್ದು ಅಡುಗೆಗೆ. ಇಷ್ಟು ಸರಳವಾದ ಕಾನೂನು.

ಈ ನಡುವೆ ನಮ್ಮ ಕನ್ನಡಿಗರ ಕೂಟದವರು ಫೋಟೋ ಪ್ರದರ್ಶನ ಇಡುತ್ತೇವೆಂದರು. ನನ್ನ ವಿಷಯ ಸೌತೆ ಎಂದೆ. ದೀಕ್ಷಾ ಮೊಬೈಲಿನಿಂದ ತಲೆಯೆತ್ತದೆ, "ದೆನ್ ಡೂ ಸೀ ಕ್ಯುಕಂಬರ್ ಆಲ್ಸೋ" ಎಂದಳು. ಕಡಲಲ್ಲೂ ಸೌತೆಯ ಹೆಸರಿನ ಒಂದು ಪ್ರಾಣಿ ಇದೆಯೆಂದು ನನಗೆ ತಿಳಿದದ್ದೇ ಆಗ. ಕಡಲ ದಡದಲ್ಲೇ ಹುಟ್ಟಿ ಬೆಳೆದವನು ನಾನು. ನಾಚಿಕೆಯೂ ಆಯಿತು, ಹುಚ್ಚೂ ಹಿಡಿಯಿತು.

ನೀರು ಇಳಿದಿದ್ದ ಒಂದು ಬೆಳಿಗ್ಗೆ ಆಫೀಸಿನ ಗೆಳೆಯ ಬಸವರಾಜನ ಕಾರಿನಲ್ಲಿ ಕಡಲಿಗೆ ಹೋದೆವು. ಅವನು ಬಾಗಲಕೋಟೆಯವನು, ಕಡಲೆಂದರೆ ಅವನಿಗೆ ದೂರದಿಂದ ಕೈಮುಗಿಯುವ ವಸ್ತು. ಬಂಡೆಯ ನಡುವಿನ ನೀರಿನಲ್ಲಿ ಕಂದು ಬಣ್ಣದ, ಸುಕ್ಕುಗಟ್ಟಿದ ಸಮುದ್ರ ಸೌತೆ ಬಿದ್ದುಕೊಂಡಿತ್ತು. ಮುಖ ಯಾವ ಕಡೆಗೆಂದು ಅದಕ್ಕಾದರೂ ಗೊತ್ತಿತ್ತೋ ಇಲ್ಲವೋ.

"ಇದನ್ನ ನೋಡಾಕ ರಜಾ ದಿನಾ ನಸುಕಿನ್ಯಾಗ ಎಬ್ಬಿಸಿದ್ರೇನ್ರಿ?" ಎಂದ ಬಸವರಾಜ. "ಜೀವ ಐತೇನ್ರಿ ಇದಕ್ಕ?"

ಮುಟ್ಟಿ ನೋಡಲು ಹೋದವನನ್ನು ತಡೆದೆ. ಹೆದರಿದರೆ ಅದು ತನ್ನ ಕರುಳನ್ನೇ ಹೊರಗೆ ಎಸೆಯುತ್ತದೆಂದು ಮಗಳು ಎಚ್ಚರಿಸಿದ್ದಳು. ತಿಂಗಳ ಕೊನೆಯಲ್ಲಿ ನಮ್ಮ ಮ್ಯಾನೇಜರನ್ನೂ ನಾವು ಹೀಗೇ ಮುಟ್ಟದೆ ಬಿಡುತ್ತೇವೆ. ನಾನು ನೀರಿನಲ್ಲಿ ಮೊಣಕಾಲೂರಿ ಮನದಣಿಯೆ ಫೋಟೋ ತೆಗೆದೆ. ಅದು ಕದಲಲಿಲ್ಲ. ಇಷ್ಟು ಸಹಕರಿಸುವ ಜೀವಿಯನ್ನು ನನ್ನ ಸಂಸಾರದಲ್ಲಿ ನಾನು ಕಂಡಿರಲಿಲ್ಲ.

ಮನೆಗೆ ಬಂದವನಿಗೆ ಹೊಳೆಯಿತು: ಕಡಲ ಸೌತೆ, ನೆಲದ ಸೌತೆ, ಎರಡನ್ನೂ ಕಪ್ಪು ಬಿಳುಪಿನಲ್ಲಿ ಅಕ್ಕಪಕ್ಕ ಇಟ್ಟರೆ ನೋಡಿದವರು ತಬ್ಬಿಬ್ಬಾಗಬೇಕು. ಗಾತ್ರದಲ್ಲೂ ಬಾಗಿದ ರೀತಿಯಲ್ಲೂ ಹೊಂದಿದ್ದು ಬೀಜದ ಕಾಯಿಯೇ. ಸುಮತಿ ಸ್ನಾನಕ್ಕೆ ಹೋದಾಗ ಅದನ್ನು ಬಿಚ್ಚಿ ತಂದೆ. ಎಲ್ಲ ಸರಿ, ಆದರೆ ಹಣೆಯ ಮೇಲೆ ಆ ಬಿಳಿ ಬೊಟ್ಟು. ಯಾವ ಸಮುದ್ರ ಸೌತೆ ಬೊಟ್ಟಿಟ್ಟುಕೊಳ್ಳುತ್ತದೆ? ಒದ್ದೆ ಬಟ್ಟೆಯಲ್ಲಿ ಒರೆಸಿ, ಫೋಟೋ ತೆಗೆದು, ಮತ್ತೆ ಕಟ್ಟಿದೆ. ಬೊಟ್ಟು ಆಮೇಲೆ ಇಟ್ಟರಾಯಿತು ಎಂದುಕೊಂಡೆ. ಈ ಆಮೇಲೆ ಎಂಬ ಮಾತು ಎಷ್ಟು ಸಂಸಾರ ಮುಳುಗಿಸಿದೆಯೋ.

ಮುಂದಿನ ಶುಕ್ರವಾರ ಊಟಕ್ಕೆ ಸೌತೆಯ ಹುಳಿ, ಜೊತೆಗೆ ತಿರುಳಿನ ಸಾರು. ನಮ್ಮಲ್ಲಿ ಸೌತೆಯ ಏನನ್ನೂ ಬಿಸಾಡುವುದಿಲ್ಲ. ತಿರುಳನ್ನು ಬೀಜದ ಸಮೇತ ರುಬ್ಬಿ, ಸೋಸಿ ಸಾರು ಮಾಡುತ್ತಾರೆ. ನಾನು ಎರಡನೆಯ ಸಲ ಬಡಿಸಿಕೊಂಡು, "ಇವತ್ತಿನ ಸಾರು ಬಹಳ ಲಾಯ್ಕಾಗಿದೆ" ಎಂದೆ.

"ಕಾಯಿ ಒಳ್ಳೆಯದಿತ್ತು ಮಾರಾಯ್ರೆ. ಬೀಜ ಎಷ್ಟು ತುಂಬಿಕೊಂಡಿತ್ತು ಗೊತ್ತುಂಟಾ" ಎಂದಳು ಸುಮತಿ.

ಸಂಜೆ ಊರಿನಿಂದ ಅವಳ ಅಕ್ಕ ಶಾರದಕ್ಕನ ಫೋನು. ಈ ಮಳೆಗೆ ಅವರ ಬೀಜದ ಕಾಯಿ ಕೊಳೆತುಹೋಗಿದೆಯಂತೆ. ಅಮ್ಮನ ಸೌತೆ ಇನ್ನು ಉಳಿದಿದ್ದರೆ ಮಸ್ಕತಿನಲ್ಲೇ, ಯಾರಾದರೂ ಬರುವವರ ಕೈಯಲ್ಲಿ ಬೀಜ ಕಳಿಸು ಎಂದರು. ಸುಮತಿ ಹೆಮ್ಮೆಯಿಂದ ಸ್ಟೋರ್ ರೂಮಿಗೆ ಹೋದಳು. ಒಂದೊಂದೇ ಕಾಯಿ ತಿರುಗಿಸಿ ನೋಡುವುದು ನನಗೆ ಕೇಳಿಸುತ್ತಿತ್ತು. ಮತ್ತೆ ಮೊದಲಿನಿಂದ ತಿರುಗಿಸಿದಳು.

"ಬೊಟ್ಟಿಂದು ಎಲ್ಲಿ ಹೋಯಿತು?"

ನಾನು ಹೇಳಿದೆ. ಅವಳು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಅಲ್ಲೇ ಅಕ್ಕಿ ಡಬ್ಬದ ಮೇಲೆ ಕುಳಿತು, "ಅಮ್ಮ ಹೋದ ಮೇಲೂ ಅದೊಂದು ಬರುತ್ತಾ ಇತ್ತು. ನಾನೇ ಮಿಕ್ಸಿಗೆ ಹಾಕಿದೆನಲ್ಲ" ಎಂದಳು. ತಪ್ಪು ನನ್ನದೆಂದೆ. "ಹೌದು. ಹಾಗಾದರೆ ಅಕ್ಕನಿಗೂ ನೀವೇ ಹೇಳಿ" ಎಂದಳು.

ಫೋನಿನಲ್ಲಿ ಹೇಳುವ ಎದೆ ನನಗಿರಲಿಲ್ಲ. ನಡೆದದ್ದನ್ನೆಲ್ಲ ಬರೆದು, ಕ್ಷಮಿಸಿ ಎಂದು ಸೇರಿಸಿ, ಕಾಯಿಯ ನೆನಪಿಗೆ ಅದೊಂದೇ ಉಳಿದಿದೆಯೆಂದು ಕಡಲ ಸೌತೆಯ ಪಕ್ಕ ಅದನ್ನಿಟ್ಟ ಆ ಕಪ್ಪು ಬಿಳುಪಿನ ಜೋಡಿ ಫೋಟೋವನ್ನೂ ವಾಟ್ಸಾಪಿನಲ್ಲಿ ಕಳಿಸಿದೆ. ಓದಿದ ಗುರುತು ಬಂತು. ಹುಟ್ಟಿದಾಗಿನಿಂದ ಆ ಸೌತೆ ಬಿತ್ತಿ, ಕೊಯ್ದು, ತೂಗು ಹಾಕಿದ ಶಾರದಕ್ಕ ಕೊನೆಗೆ ಒಂದೇ ಸಾಲು ಬರೆದಿದ್ದರು: "ಇದರಲ್ಲಿ ನಮ್ಮದು ಯಾವುದು?"

ಕಣ್ಣೀರು ಹಾಕಬೇಕಾದ ಗಳಿಗೆ ಅದು. ಆದರೆ ಸೌತೆ ಬೆಳೆದವರೇ ತಬ್ಬಿಬ್ಬಾಗಿದ್ದರು; ನಾನು ಆ ಸಾಲನ್ನು ಮೂರ್ನಾಲ್ಕು ಸಲ ಓದಿದೆ. ಆಮೇಲೆ ಸುಮತಿ ಅಡುಗೆಮನೆಯಲ್ಲೇ ಇದ್ದಾಳೆಂದು ಖಾತ್ರಿ ಮಾಡಿಕೊಂಡು, ಸದ್ದಿಲ್ಲದೆ ಅದನ್ನು ಬಸವರಾಜನಿಗೆ ಫಾರ್ವರ್ಡ್ ಮಾಡಿದೆ.